ಹಸಿರು ದೀಪ ಉರಿಯುತ್ತಿತ್ತು, ಗಾಳಿ ಇರಲಿಲ್ಲ: ತೀರ್ಥಹಳ್ಳಿ ಕಡೆಯ ಒಂದು ಅಡಿಕೆ ಡ್ರೈಯರ್ ಪ್ರಕರಣ

ಅಕ್ಟೋಬರ್ ಕೊನೆಯ ವಾರ. ಬೆಳಿಗ್ಗೆ ಆರೂವರೆಗೆ ಡ್ರೈಯರ್ ಯಜಮಾನರ ಫೋನ್ ಬಂತು. "ಇಂಜಿನಿಯರ್ರೇ, ನಿಮ್ಮ ಟಚ್ ಸ್ಕ್ರೀನ್ ಸುಳ್ಳು ಹೇಳ್ತು ಮಾರಾಯ್ರೆ. ಎರಡು ಟ್ರಾಲಿ ಅಡಿಕೆ ಕರಿ ಆಗಿದೆ. ಬಂದು ನೋಡಿ."

ಸ್ಕ್ರೀನ್ ಹಾಕಿದ್ದು ನಾನೇ. ಅದರ ಒಳಗಿನ ಪ್ರೋಗ್ರಾಂ ಬರೆದಿದ್ದೂ ನಾನೇ. ಶಿವಮೊಗ್ಗದಲ್ಲಿ ಕಂಟ್ರೋಲ್ ಪ್ಯಾನೆಲ್ ಕಟ್ಟುವುದು ನನ್ನ ಕೆಲಸ. ಮಾಚೇನಹಳ್ಳಿ ಕಡೆಯ ಫೌಂಡ್ರಿಗಳಿಗೆ ಜಾಸ್ತಿ, ಸೀಸನ್‌ನಲ್ಲಿ ಅಡಿಕೆ ಮನೆಗಳಿಗೂ ಒಂದೆರಡು. ಗಾಜನೂರು, ಮಂಡಗದ್ದೆ ದಾಟಿ ಹೋಗುವಾಗ ದಾರಿಯುದ್ದಕ್ಕೂ ತಲೆಯಲ್ಲಿ ಒಂದೇ ಮಾತು: ಸ್ಕ್ರೀನ್ ಸುಳ್ಳು ಹೇಳುವುದು ಅಂದ್ರೆ ಹೇಗೆ?

ಜಾಗದ ವಿವರ ಮೊದಲು ಹೇಳಿಬಿಡುತ್ತೇನೆ. ಯಜಮಾನರು ತಮ್ಮ ತೋಟದ ಜೊತೆ ಸುತ್ತಲಿನ ನಾಲ್ಕೈದು ತೋಟದ ಫಸಲನ್ನೂ ಚೇಣಿಗೆ (ಗುತ್ತಿಗೆಗೆ) ಹಿಡಿದಿದ್ದಾರೆ. ಕೊನೆ ಕೊಯ್ದು, ಸುಲಿದು, ಚೊಗರು (ಅಡಿಕೆ ಬೇಯಿಸಿದ ಕೆಂಪು ರಸ) ಹಾಕಿ ಬೇಯಿಸಿದ ಅಡಿಕೆ ಬಿಸಿಲಿಗೆ ಒಣಗಬೇಕು. ಬಿಸಿಲು ಬರುವ ಗ್ಯಾರಂಟಿ ಇಲ್ಲದ್ದಕ್ಕೇ ಡ್ರೈಯರ್. ಒಂದು ಕಡೆ ಒಲೆ. ಅದಕ್ಕೆ ಅಡಿಕೆ ಸಿಪ್ಪೆ, ಸೌದೆ ಎರಡೂ ಹಾಕುತ್ತಾರೆ. ಹೊಗೆ ಕಬ್ಬಿಣದ ಪೈಪುಗಳ ಒಳಗೆ ಹಾದು ಚಿಮಣಿಗೆ ಹೋಗುತ್ತದೆ. ಪೈಪುಗಳ ಹೊರಮೈ ಸವರಿಕೊಂಡು ಹೋಗುವ ಗಾಳಿಯನ್ನು 5 ಎಚ್‌ಪಿ ಬ್ಲೋವರ್ ಒಣಗಿಸುವ ಕೋಣೆಗೆ ತಳ್ಳುತ್ತದೆ. ಹೊಗೆ ಅಡಿಕೆಗೆ ತಾಗಬಾರದು, ತಾಗಿದರೆ ಬಣ್ಣ ಹೋಗುತ್ತದೆ, ಬಣ್ಣ ಹೋದರೆ ಮಂಡಿಯಲ್ಲಿ ರೇಟ್ ಹೋಗುತ್ತದೆ. ಕೋಣೆಯಲ್ಲಿ ಆರು ಟ್ರಾಲಿ. ತುತ್ತತುದಿಯಲ್ಲಿ ಕಾವು ಅಳೆಯುವ ಒಂದು ಪಿಟಿ-100 ಸೆನ್ಸರ್. ಒಲೆಗೆ ಊದಲು ಇನ್ನೊಂದು ಚಿಕ್ಕ ಫ್ಯಾನ್, ಅದು ಸಿಂಗಲ್ ಫೇಸ್. ಕೋಣೆ 60 ಡಿಗ್ರಿಗಿಂತ ಕೆಳಗೆ ಬಂದರೆ ಪಿಎಲ್‌ಸಿ (ಯಂತ್ರ ನಡೆಸುವ ಪುಟ್ಟ ಕಂಪ್ಯೂಟರ್) ಆ ಚಿಕ್ಕ ಫ್ಯಾನ್ ಹಾಕುತ್ತದೆ, 62 ದಾಟಿದರೆ ತೆಗೆಯುತ್ತದೆ. ಇಷ್ಟೇ ಕಂಟ್ರೋಲ್.

ಇವೆಲ್ಲದರ ಮುಖ ಅಂದರೆ 4.3 ಇಂಚಿನ ಟಚ್ ಪ್ಯಾನೆಲ್. ನಮ್ಮ ಕಡೆ ಎಚ್‌ಎಂಐ ಅಂತಲೇ ಕರೆಯುತ್ತೇವೆ. ಅಂಗೈಯಷ್ಟು ಅಗಲ. 24 ವೋಲ್ಟ್ ಡಿಸಿ ಕೊಟ್ಟರೆ ಆಯಿತು.

ಒಲೆ ನೋಡಿಕೊಳ್ಳುವವರು ಐವತ್ತು ದಾಟಿದವರು. ಅಲ್ಲಿ ಎಲ್ಲರೂ ಒಲೆಯಣ್ಣ ಅಂತಾರೆ, ನಾನೂ ಹಾಗೇ ಕರೆಯುತ್ತೇನೆ. ನಾನು ಹೋದಾಗ ಅವರು ಅಂಗಳದ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದರು. ರಾತ್ರಿಯಿಡೀ ನಿದ್ದೆ ಇಲ್ಲ, ಬೆಳಿಗ್ಗೆಯಿಂದ ಬೈಗುಳ. ನನ್ನ ನೋಡಿದ್ದೇ ಎದ್ದು ನಿಂತು ಒಂದೇ ಮಾತು ಹೇಳಿದರು. "ಬ್ಲೋವರ್ ಲೈಟ್ ಹಸ್ರು ಇತ್ತು ಸಾರ್. ಕಾವು ಇಳೀತಾ ಇತ್ತು. ಬೆಂಕಿ ಸಾಲ್ದು ಅಂತ ಸೌದೆ ಹಾಕ್ದೆ. ನಾನೇನ್ ತಪ್ಪು ಮಾಡ್ದೆ?"

ಟ್ರಾಲಿಯ ಅಡಿಕೆ ಒಂದನ್ನು ಕತ್ತರಿಸಿ ನೋಡಿದೆವು. ಹೊರಗೆ ಸುಟ್ಟು ಸೀಳಿತ್ತು, ಒಳಗೆ ಇನ್ನೂ ಹಸಿ. ಗಾಳಿ ಬರುವ ಬದಿಯ ಎರಡು ಟ್ರಾಲಿಗೆ ಮಾತ್ರ ಹೀಗಾಗಿತ್ತು. ಉಳಿದ ನಾಲ್ಕು ಬಚಾವ್.

ನನ್ನ ಮೊದಲ ಅನುಮಾನ ಕೇಬಲ್ ಮೇಲೆ. ಪಿಎಲ್‌ಸಿಯಿಂದ ಸ್ಕ್ರೀನಿಗೆ ಆರ್‌ಎಸ್-485 ಜೋಡಿ ವೈರ್, ಅದರ ಮೇಲೆ ಮಾಡ್‌ಬಸ್. ಮಾಡ್‌ಬಸ್ 1979ರ ಭಾಷೆ, ಆರ್‌ಎಸ್-485 1983ರದ್ದು. ಇವತ್ತಿಗೂ ಸಣ್ಣ ಕಾರ್ಖಾನೆಗಳು ನಡೆಯುವುದು ಇವೆರಡರ ಮೇಲೆಯೇ. ಎರಡೂ ತುದಿಗೆ 120 ಓಮ್ ರೆಸಿಸ್ಟರ್ ಹಾಕಿ ಸರಿಯಾಗಿ ಎಳೆದರೆ 1200 ಮೀಟರ್‌ವರೆಗೆ ಹೋಗುತ್ತದೆ. ಇಲ್ಲಿ ಇದ್ದದ್ದು ಐದು ಮೀಟರ್. ಆದರೂ ಕೇಬಲ್ ಬಿಟ್ಟುಹೋದರೆ ಒಂದು ಕಾಟ ಇದೆ: ಎಷ್ಟೋ ಸಣ್ಣ ಪ್ಯಾನೆಲ್‌ಗಳು ಕೊನೆಗೆ ಬಂದ ಅಂಕಿಯನ್ನೇ ತೋರಿಸುತ್ತಾ ನಿಂತುಬಿಡುತ್ತವೆ. 61 ಅಂತ ಇರುತ್ತೆ, ಅದು ಅರ್ಧ ಗಂಟೆ ಹಿಂದಿನ 61. ಗೋಡೆ ಗಡಿಯಾರ ನಿಂತಿದ್ದು ಗೊತ್ತಾಗದ ಹಾಗೆ.

ಇಲ್ಲಿ ಅದಾಗಿರಲಿಲ್ಲ. ಕಾವು ಇಳಿಯುತ್ತಿತ್ತು ಅಂತ ಒಲೆಯಣ್ಣನೇ ಹೇಳಿದರಲ್ಲ. ಅಂಕಿ ಬದಲಾಗುತ್ತಿತ್ತು ಅಂದರೆ ಕೇಬಲ್ ಜೀವಂತ ಇತ್ತು.

ಸ್ಕ್ರೀನಿನ ಹಿಂದೆ ಒಂದು ಪೆನ್‌ಡ್ರೈವ್ ಚುಚ್ಚಿಟ್ಟಿದ್ದೆ, ನಿಮಿಷಕ್ಕೊಂದು ಸಾಲು ಬರೆಯಲಿ ಅಂತ. ಅದನ್ನು ಲ್ಯಾಪ್‌ಟಾಪಿಗೆ ಹಾಕಿದರೆ ತಾರೀಕು 2000ನೇ ಇಸವಿ ಜನವರಿ! ಗಡಿಯಾರಕ್ಕೆ ಇರುವ ನಾಣ್ಯದಷ್ಟು ಬ್ಯಾಟರಿ ಸತ್ತುಹೋಗಿತ್ತು. ಫೌಂಡ್ರಿಯಲ್ಲಿ ಪ್ಯಾನೆಲ್ ವರ್ಷವಿಡೀ ಆನ್ ಇರುತ್ತದೆ, ಬ್ಯಾಟರಿಗೆ ಕೆಲಸವೇ ಇಲ್ಲ. ಅಡಿಕೆ ಮನೆಯಲ್ಲಿ ಸೀಸನ್ ಮುಗಿದ ಮೇಲೆ ಮೇನ್ ಸ್ವಿಚ್ ಇಳಿಸಿ ಬೀಗ ಹಾಕುತ್ತಾರೆ. ತಿಂಗಳುಗಟ್ಟಲೆ ಬ್ಯಾಟರಿಯೇ ಗಡಿಯಾರ ನಡೆಸಬೇಕು. ಇದು ನನಗೆ ಹೊಳೆದಿರಲೇ ಇಲ್ಲ.

ಹೊತ್ತು ಹೊಂದಿಸಿದ್ದು ಒಲೆಯಣ್ಣನ ಮೊಬೈಲ್‌ನಿಂದ. ಕಾವು 75 ದಾಟಿದರೆ ಕೂಗುವ ಹೂಟರ್ ಕೂಗಿದ ಕೂಡಲೇ ಅವರು ಯಜಮಾನರಿಗೆ ಕರೆ ಮಾಡಿದ್ದರು, 4 ಗಂಟೆ 52 ನಿಮಿಷಕ್ಕೆ. ಲಾಗ್‌ನಲ್ಲಿ 75 ಡಿಗ್ರಿ ದಾಟಿದ ಸಾಲು ಹುಡುಕಿ ಅದಕ್ಕೆ 4:52 ಅಂತ ಬರೆದುಕೊಂಡೆ. ಅಲ್ಲಿಂದ ಹಿಂದಕ್ಕೆ ಎಣಿಸಿದರೆ ಇಡೀ ರಾತ್ರಿ ಕಣ್ಣ ಮುಂದೆ ಬಂತು.

4:02ರವರೆಗೆ ಕೋಣೆ 60, 61, 62, ಚೆನ್ನಾಗಿ ನಡೆದಿದೆ. ಅಲ್ಲಿಂದ ಇಳಿಕೆ. 58, 55, 51. ಒಲೆ ಫ್ಯಾನ್ ಕಾಲಂನಲ್ಲಿ ಎಡೆಬಿಡದೆ 1. ಅಂದರೆ ಪಿಎಲ್‌ಸಿ ಕಾವು ಸಾಲದು ಅಂತ ಊದುತ್ತಲೇ ಇದೆ. 4:50ಕ್ಕೆ 47. ಅಲ್ಲಿಂದ ನಾಲ್ಕೇ ನಿಮಿಷದಲ್ಲಿ 83. ಇದು ತುದಿಯ ಸೆನ್ಸರ್ ಲೆಕ್ಕ. ಗಾಳಿ ಬಂದು ಬಡಿಯುವ ಬದಿಯಲ್ಲಿ ಎಷ್ಟಿತ್ತೋ, ಆ ಅಡಿಕೆಯನ್ನೇ ಕೇಳಬೇಕು.

ಇನ್ನು ಬ್ಲೋವರ್ ಕಾಲಂ. ಅದರಲ್ಲಿ ಸಂಜೆಯಿಂದ ಬೆಳಗಿನವರೆಗೆ 1, 1, 1. ಒಂದೇ ಒಂದು ಸೊನ್ನೆ ಇಲ್ಲ. ಬೆಂಕಿ ಜೋರು, ಬ್ಲೋವರ್ ಓಡುತ್ತಿದೆ, ಕೋಣೆ ತಣ್ಣಗಾಗುತ್ತಿದೆ. ಮೂರೂ ಒಟ್ಟಿಗೆ ನಿಜ ಆಗಲು ಸಾಧ್ಯ ಇಲ್ಲ.

ಬ್ಲೋವರ್ ಸ್ಟಾರ್ಟರ್ ಬಾಗಿಲು ತೆಗೆದೆ. ಒಂದು ಹಲ್ಲಿ ಹಾರಿ ಹೋಯಿತು (ಮಲೆನಾಡಿನ ಪ್ಯಾನೆಲ್‌ಗಳಲ್ಲಿ ಹಲ್ಲಿ ಇಲ್ಲದಿದ್ದರೇ ಆಶ್ಚರ್ಯ). ಒಳಗೆ ಮೂರು ಸಂಗತಿ ಕಂಡವು.

ಒಂದು ಫೇಸ್ ಹೋದರೆ ಮೋಟಾರ್ ನಿಲ್ಲಿಸುವ ಸಿಂಗಲ್ ಫೇಸ್ ಪ್ರಿವೆಂಟರ್ ಇತ್ತು, ಆದರೆ ಕೆಲಸಕ್ಕಿರಲಿಲ್ಲ. ಅದರ ಎರಡು ವೈರ್ ತುದಿ ಸೇರಿಸಿ ಟೇಪ್ ಸುತ್ತಿದ್ದರು. "ಮಳೆಗಾಲದಲ್ಲಿ ಪದೇ ಪದೇ ಬೀಳ್ತದೆ ಅಂತ ಎಲೆಕ್ಟ್ರಿಷಿಯನ್ ಹುಡುಗ ಹಾಗೆ ಮಾಡ್ದ" ಎಂದರು ಯಜಮಾನರು. ಪಂಪ್‌ಸೆಟ್ ಇರುವ ಮನೆಗಳಲ್ಲಿ ಇದು ಮಾಮೂಲು, ಹೇಳಿ ಪ್ರಯೋಜನ ಇಲ್ಲ. ಮೋಟಾರ್ ಹೆಚ್ಚು ಕರೆಂಟ್ ಎಳೆದರೆ ಅದನ್ನು ನಿಲ್ಲಿಸುವ ಓವರ್‌ಲೋಡ್ ರಿಲೇಯ ನೀಲಿ ಗುಂಡಿ ಆಟೋ ಕಡೆ ತಿರುಗಿತ್ತು. ಅಂದರೆ ಬಿಸಿಯಾಗಿ ಬಿದ್ದ ರಿಲೇ ತಣ್ಣಗಾದ ಕೂಡಲೇ ತಾನಾಗಿ ಎದ್ದು ನಿಲ್ಲುತ್ತದೆ. ಮೂರನೆಯದು ನನ್ನ ಪಾಲಿನದು. ಮೋಟಾರಿಗೆ ಕರೆಂಟ್ ಕೊಡುವ ಸ್ವಿಚ್ ಅಂದರೆ ಕಾಂಟ್ಯಾಕ್ಟರ್. ಅದರ ಪಕ್ಕದಲ್ಲಿ 13, 14 ಅಂತ ಎರಡು ಸ್ಕ್ರೂ ಇರುತ್ತವೆ. ಕಾಂಟ್ಯಾಕ್ಟರ್ ನಿಜವಾಗಿ ಎಳೆದುಕೊಂಡಾಗ ಮಾತ್ರ ಕೂಡಿಕೊಳ್ಳುವ ಸಣ್ಣ ಸಂಪರ್ಕ ಅದು. ಅಲ್ಲಿಗೆ ವೈರೇ ಇರಲಿಲ್ಲ. ಸ್ಕ್ರೂಗಳು ಕಂಪನಿಯಿಂದ ಬಂದಷ್ಟೇ ಸಡಿಲವಾಗಿ, ಮೇಲೊಂದು ಪದರ ಧೂಳು ಹೊತ್ತು ಕೂತಿದ್ದವು. ಪಿಎಲ್‌ಸಿಯಲ್ಲಿ ಎರಡು ಇನ್‌ಪುಟ್ ಖಾಲಿ ಇದ್ದವು. ಎರಡು ವೈರ್ ಎಳೆಯದೆ ನಾನು ಏನು ಮಾಡಿದ್ದೆ ಅಂದರೆ, ಹಸಿರು ದೀಪಕ್ಕೆ ಪಿಎಲ್‌ಸಿಯ ಔಟ್‌ಪುಟ್ ಬಿಟ್ಟನ್ನೇ ಕಟ್ಟಿದ್ದೆ. ಲಾಗ್‌ನ ಕಾಲಂಗೂ ಅದನ್ನೇ. ಪಟ್ಟಿಯಿಂದ ಆರಿಸಿದೆ, ಓಕೆ ಒತ್ತಿದೆ, ಹತ್ತು ಸೆಕೆಂಡಿನ ಕೆಲಸ.

ಹಾಗಾಗಿ ಆ ಹಸಿರಿನ ಅರ್ಥ "ಬ್ಲೋವರ್ ಓಡುತ್ತಿದೆ" ಅಂತಲ್ಲ. "ಓಡು ಅಂತ ನಾನು ಹೇಳಿದ್ದೇನೆ" ಅಂತ. ಹೇಳಿಸಿಕೊಂಡವನಿಗೆ ಕೇಳಿಸಿತಾ, ಅವನು ಓಡಿದನಾ, ಅದು ಬೇರೆ ವಿಷಯ.

ಈ ತಪ್ಪಿಗೆ ದೊಡ್ಡ ಇತಿಹಾಸವೇ ಇದೆ. 1979ರ ಮಾರ್ಚ್ 28ರಂದು ಅಮೆರಿಕದ ಥ್ರೀ ಮೈಲ್ ಐಲ್ಯಾಂಡ್ ಅಣು ವಿದ್ಯುತ್ ಸ್ಥಾವರದಲ್ಲಿ ಒತ್ತಡ ಇಳಿಸುವ ವಾಲ್ವ್ ಒಂದು ತೆರೆದುಕೊಂಡು ಮತ್ತೆ ಮುಚ್ಚಲಿಲ್ಲ, ಹಾಗೇ ಸಿಕ್ಕಿಕೊಂಡಿತು. ಪ್ಯಾನೆಲ್ ಮೇಲಿನ ದೀಪ ಆರಿತ್ತು. ಆ ದೀಪ ತೋರಿಸುತ್ತಿದ್ದುದು ವಾಲ್ವ್ ತೆರೆಯುವ ವಿದ್ಯುತ್ ಸುರುಳಿ ಸೊಲೆನಾಯ್ಡ್‌ಗೆ ಕರೆಂಟ್ ಇದೆಯಾ ಅನ್ನೋದನ್ನು ಮಾತ್ರ. ಕರೆಂಟ್ ಹೋಗಿತ್ತು, ವಾಲ್ವ್ ಮಾತ್ರ ತೆರೆದೇ ಇತ್ತು. ಆಪರೇಟರ್‌ಗಳು ದೀಪ ಆರಿದೆ, ವಾಲ್ವ್ ಮುಚ್ಚಿದೆ ಅಂದುಕೊಂಡರು. ಕಾಲೇಜಿನಲ್ಲಿ ಇದನ್ನು ಓದಿ ಪರೀಕ್ಷೆಯಲ್ಲಿ ಬರೆದವನು ನಾನು. ಬರೆದು ಅಂಕ ತಗೊಂಡು, ತೀರ್ಥಹಳ್ಳಿ ಕಾಡಿನಲ್ಲಿ ಅದನ್ನೇ ಮಾಡಿಟ್ಟಿದ್ದೆ.

ಹತ್ತು ಗಂಟೆ ಹೊತ್ತಿಗೆ ಲೈನ್‌ಮನ್ ಬಂದರು. ಟಿಸಿ (ಟ್ರಾನ್ಸ್‌ಫಾರ್ಮರ್) ಹತ್ತಿರ ಒಂದು ಜಂಪರ್, ಅಂದರೆ ಲೈನ್ ಜೋಡಿಸುವ ತುಂಡು ವೈರ್, ಸುಟ್ಟು ಸಡಿಲ ಆಗಿತ್ತು. ಗಾಳಿಗೆ ಬಿಡುತ್ತಿತ್ತು, ಮತ್ತೆ ತಾಗುತ್ತಿತ್ತು. ಮೂರರಲ್ಲಿ ಒಂದು ಫೇಸ್ ಹೋದಾಗ 5 ಎಚ್‌ಪಿ ಮೋಟಾರ್ ಉಳಿದೆರಡರ ಮೇಲೇ ಎಳೆಯಲು ನೋಡುತ್ತದೆ. 7.5 ಆಂಪಿಯರ್ ತಗೊಳ್ಳಬೇಕಾದ್ದು 12, 13ಕ್ಕೆ ಹೋಗುತ್ತದೆ. ಕೆಲವೇ ನಿಮಿಷದಲ್ಲಿ ಓವರ್‌ಲೋಡ್ ಬೀಳುತ್ತದೆ. ತಣ್ಣಗಾಗುತ್ತದೆ, ಎದ್ದು ನಿಲ್ಲುತ್ತದೆ, ಮೋಟಾರ್ ಗುಂಯ್ ಅನ್ನುತ್ತದೆ, ತಿರುಗಲ್ಲ, ಮತ್ತೆ ಬೀಳುತ್ತದೆ. ಪಿಎಲ್‌ಸಿ, ಸ್ಕ್ರೀನ್, ಒಲೆ ಫ್ಯಾನ್, ಅಂಗಳದ ಬಲ್ಬು ಎಲ್ಲವೂ ಉಳಿದ ಫೇಸ್ ಮೇಲೆ. ಹಾಗಾಗಿ ಕರೆಂಟ್ ಹೋಗಿದೆ ಅಂತ ಯಾರಿಗೂ ಅನಿಸುವುದಿಲ್ಲ. ತಗಡಿನ ಮಾಡಿನ ಮೇಲೆ ಮಳೆ ಸುರಿಯುವಾಗ ಬ್ಲೋವರ್ ಸದ್ದು ನಿಂತದ್ದು ಗೋಡೆಯ ಆಚೆ ಒಲೆ ಬಾಯಿಯಲ್ಲಿ ಕೂತವರಿಗೆ ಹೇಗೆ ಕೇಳಬೇಕು? ಅವರು ಕಿಟಕಿಯಿಂದ ಸ್ಕ್ರೀನ್ ನೋಡಿದರು. ಹಸಿರು. ಕಾವು ಇಳಿಯುತ್ತಿದೆ. ಸೌದೆ ಹಾಕಿದರು. ನಾನಿದ್ದರೂ ಅದನ್ನೇ ಮಾಡುತ್ತಿದ್ದೆ.

48 ನಿಮಿಷ ಒಲೆ ಉರಿಯಿತು, ಪೈಪುಗಳು ಕಾದವು, ಆ ಬಿಸಿ ಹೊತ್ತೊಯ್ಯಲು ಗಾಳಿ ಇಲ್ಲ. ಜಂಪರ್ ತಾಗಿದ ಕೂಡಲೇ ಬ್ಲೋವರ್ ತಾನಾಗಿ ಓಡಿತು. ಕೆಂಪಾಗಿದ್ದ ಪೈಪಿನ ಬಿಸಿಯೆಲ್ಲ ಒಂದೇ ಉಸಿರಿಗೆ ಮೊದಲೆರಡು ಟ್ರಾಲಿ ಮೇಲೆ.

ಇದು ಬರೀ ಊಹೆ ಆಗಬಾರದು ಅಂತ ಮಧ್ಯಾಹ್ನ ಖಾಲಿ ಕೋಣೆಯಲ್ಲಿ, ಸಣ್ಣ ಬೆಂಕಿಯಲ್ಲಿ, ಒಂದು ಫೇಸಿನ ಫ್ಯೂಸ್ ತೆಗೆದು ತೋರಿಸಿದೆ. ಬ್ಲೋವರ್ ನಿಂತಿತು, ಸ್ಕ್ರೀನ್ ಹಸಿರಾಗೇ ಇತ್ತು. ಯಜಮಾನರು ಸ್ಕ್ರೀನ್ ನೋಡಿದರು, ಬ್ಲೋವರ್ ನೋಡಿದರು, ಒಲೆಯಣ್ಣನ ಕಡೆ ತಿರುಗಿ ಏನೂ ಹೇಳದೆ ಎಲೆಯಡಿಕೆ ತಟ್ಟೆ ಮುಂದೆ ಸರಿಸಿದರು. ಬೆಳಿಗ್ಗೆಯ ಬೈಗುಳ ಅಲ್ಲಿಗೆ ವಾಪಸ್ ಆಯಿತು ಅಂತ ನಾನು ಅಂದುಕೊಂಡೆ.

ಮತ್ತೆ ಕಟ್ಟಿದ್ದು ಹೇಗೆ

"ಹತ್ತಿಂಚಿನ ದೊಡ್ಡ ಸ್ಕ್ರೀನ್ ಹಾಕ್ಬಿಡಿ ಮಾರಾಯ್ರೆ, ಖರ್ಚು ಕೊಡ್ತೇನೆ" ಅಂದರು ಯಜಮಾನರು. ಬೇಡ ಅಂದೆ. ದೊಡ್ಡ ಸ್ಕ್ರೀನಿನಲ್ಲಿ ಅದೇ ತಪ್ಪು ಹಸಿರು ದೀಪ ದೊಡ್ಡದಾಗಿ ಕಾಣುತ್ತಿತ್ತು, ಅಷ್ಟೇ.

ಮೊದಲು ಗಾಳಿ. 13, 14ಕ್ಕೆ ವೈರ್ ಎಳೆದು ಪಿಎಲ್‌ಸಿಗೆ ಕೊಟ್ಟೆ. ಅದೂ ಸಾಲದು. ಬೆಲ್ಟ್ ಹರಿದರೆ ಕಾಂಟ್ಯಾಕ್ಟರ್ ಎಳೆದುಕೊಂಡೇ ಇರುತ್ತದೆ, ಮೋಟಾರ್ ಓಡುತ್ತಲೇ ಇರುತ್ತದೆ, ಗಾಳಿ ಮಾತ್ರ ಇರಲ್ಲ. ಬ್ಲೋವರ್ ದಾಟಿದ ಮೇಲಿನ ಡಕ್ಟ್‌ಗೆ ಒಂದು ತೂತು ಕೊರೆದು, ಸಣ್ಣ ಟ್ಯೂಬ್ ಇಟ್ಟು ಏರ್ ಪ್ರೆಶರ್ ಸ್ವಿಚ್ ಕೂರಿಸಿದೆ. 100 ಪಾಸ್ಕಲ್‌ಗೆ ಸೆಟ್ಟಿಂಗ್, ಅಂದರೆ ಸುಮಾರು 10 ಮಿಲಿಮೀಟರ್ ನೀರಿನ ಮಟ್ಟದಷ್ಟು ಒತ್ತಡ. ಈಗ ಹಸಿರು ಬರಬೇಕಾದರೆ ಡಕ್ಟ್‌ನಲ್ಲಿ ಗಾಳಿ ಇರಲೇಬೇಕು. ಎರಡನೇ ಪಿಟಿ-100 ಅನ್ನು ಪೈಪುಗಳ ಪಕ್ಕದಲ್ಲೇ, ಗಾಳಿ ಹೊರಬರುವ ಬಾಯಲ್ಲಿ ಹಾಕಿದೆ. ತುದಿಯ ಸೆನ್ಸರ್ ಗಾಳಿ ನಿಂತಾಗ ಕುರುಡು, ಇದಕ್ಕಾದರೂ ಒಲೆಯ ಸಿಟ್ಟು ತಾಗುತ್ತದೆ.

ಗಾಳಿ 10 ಸೆಕೆಂಡ್ ಇಲ್ಲದಿದ್ದರೆ ಒಲೆ ಫ್ಯಾನ್ ಬಂದ್. ಬ್ಲೋವರ್ ತಾನಾಗಿ ಮತ್ತೆ ಏಳುವ ಹಾಗಿಲ್ಲ, ಓವರ್‌ಲೋಡ್ ಗುಂಡಿ ಮ್ಯಾನುಯಲ್‌ಗೆ. ಟೇಪ್ ಕಿತ್ತು ಪ್ರಿವೆಂಟರ್ ಮತ್ತೆ ಸೇರಿಸಿದೆ. ಈ ಲಾಜಿಕ್ ಎಲ್ಲಾ ಪಿಎಲ್‌ಸಿ ಒಳಗೇ ಇದೆ. ಸ್ಕ್ರೀನ್ ಕಿತ್ತು ಮನೆಗೆ ತಗೊಂಡು ಹೋದರೂ ಡ್ರೈಯರ್ ತನ್ನನ್ನು ತಾನು ಕಾಯ್ದುಕೊಳ್ಳಬೇಕು. ಕೆಲವರು ಇಂಥ ಲಾಜಿಕ್ಕನ್ನು ಎಚ್‌ಎಂಐನ ಮ್ಯಾಕ್ರೋದಲ್ಲಿ ಬರೆಯುತ್ತಾರೆ, ಸುಲಭ ಅಂತ. ಕೇಬಲ್ ಬಿಟ್ಟ ದಿನ ಗೊತ್ತಾಗುತ್ತದೆ.

ಕೇಬಲ್‌ಗೂ ಒಂದು ಕಾವಲು ಇಟ್ಟೆ. ಪಿಎಲ್‌ಸಿ ಸೆಕೆಂಡಿಗೊಂದು ಅಂಕಿ ಏರಿಸುತ್ತಾ ಹೋಗುತ್ತದೆ. ಅದು ಬದಲಾಗುವುದು ನಿಂತರೆ ಕಾವಿನ ಅಂಕಿ ಮಾಯವಾಗಿ ಬರೀ ಗೆರೆ ಕಾಣಬೇಕು.

ಆಮೇಲೆ ಸ್ಕ್ರೀನಿಗೆ ಬಂದೆ. ಹಳೆಯದರಲ್ಲಿ ಐದು ಪೇಜ್. ಕಂಪನಿ ಲೋಗೋ, ಮೆನು, ತಿರುಗುವ ಫ್ಯಾನ್ ಚಿತ್ರ (ಔಟ್‌ಪುಟ್ ಬಿಟ್ ನೋಡಿ ತಿರುಗುತ್ತಿತ್ತು, ನಾಚಿಕೆ!). ಎಲ್ಲಾ ಇಂಗ್ಲಿಷ್. ಸೆಟ್ಟಿಂಗ್ ಪಾಸ್‌ವರ್ಡ್ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ಆಪರೇಟರ್ ಸ್ಕ್ರೀನ್ ಹೇಗಿರಬೇಕು ಅನ್ನೋದಕ್ಕೆ 2015ರಲ್ಲಿ ಬಂದ ಐಎಸ್‌ಎ-101 ಅಂತ ಒಂದು ಸ್ಟ್ಯಾಂಡರ್ಡ್ ಇದೆ. ಆ ಕಡೆಯ ಪದ್ಧತಿ ಅಂದರೆ ಎಲ್ಲಾ ಸರಿ ಇದ್ದಾಗ ಸ್ಕ್ರೀನ್ ಬೂದು ಬಣ್ಣದಲ್ಲಿ ಸಪ್ಪಗಿರಲಿ, ಬಣ್ಣ ಏನಾದರೂ ಕೆಟ್ಟಾಗ ಬರಲಿ. ಅದನ್ನೇ ಹಿಡಿದೆ, ಒಂದು ವಿಷಯ ಬಿಟ್ಟು. ಒಲೆಯಣ್ಣ ಹಸಿರು ಬಿಡಲು ಒಪ್ಪಲಿಲ್ಲ. "ಬೂದಿ ಬಣ್ಣ ಇದ್ರೆ ಸತ್ತಿದ್ಯೋ ಬದುಕಿದ್ಯೋ ಹೆಂಗ್ ಗೊತ್ತಾಗ್ಬೇಕು?" ಅವರ ಮಾತು ನಡೆಯಿತು. ಗಾಳಿ ಇದ್ದರೆ ಒಂದು ಸಣ್ಣ ಹಸಿರು ಚೌಕ.

ಕನ್ನಡ ಹಾಕಲು ಹೋಗಿ ಅರ್ಧ ದಿನ ಹೋಯಿತು. "ಬ್ಲೋವರ್ ನಿಂತಿದೆ" ಅಂತ ಟೈಪ್ ಮಾಡಿದೆ, ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಂಡಿತು. ಪ್ಯಾನೆಲ್‌ಗೆ ಇಳಿಸಿದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲಿ ನಿಂತಿದೆ, ಗುಡಿಸು ಅಕ್ಷರ ಬಿಟ್ಟು ಆಚೆ ಬಿದ್ದಿದೆ. ಈ ಸಣ್ಣ ಪ್ಯಾನೆಲ್ ಅಕ್ಷರಗಳನ್ನು ಒಂದರ ಪಕ್ಕ ಒಂದು ಜೋಡಿಸುತ್ತದೆ, ಒಂದರ ಕೆಳಗೊಂದು ಕೂಡಿಸಲು ಅದಕ್ಕೆ ಬರಲ್ಲ. ಕೊನೆಗೆ ಒಂದೊಂದು ಮಾತನ್ನೂ ಚಿತ್ರ ಮಾಡಿ ಒಳಗೆ ಸೇರಿಸಿದೆ. ಮೆಮೊರಿ ಕಡಿಮೆ, ಹಾಗಾಗಿ ಮಾತು ಲೆಕ್ಕ ಹಾಕಿ ಬಳಸಬೇಕು. ಅದರಿಂದ ಒಳ್ಳೆಯದೇ ಆಯಿತು. ಮಾತು ಆರಿಸಿ ಅಂತ ಒಲೆಯಣ್ಣನನ್ನು ಕೂರಿಸಿಕೊಂಡೆ. ಟೆಂಪರೇಚರ್ ಹೋಗಿ "ಕಾವು" ಬಂತು. ಬ್ಲೋವರ್ ಫೇಲ್ಯೂರ್ ಹೋಗಿ "ಗಾಳಿ ಇಲ್ಲ".

ಈಗ ಇರುವುದು ಒಂದೇ ಪೇಜ್. ನಡುವೆ ಕಾವಿನ ಅಂಕಿ, ಕಿಟಕಿಯ ಆಚೆಯಿಂದ ಓದುವಷ್ಟು ದೊಡ್ಡದು. ಕೆಳಗೆ ಎರಡು ಬಟನ್. 4.3 ಇಂಚಿನ ಪ್ಯಾನೆಲ್‌ನ ಅಗಲ ಸುಮಾರು 95 ಮಿಲಿಮೀಟರ್, ಅದರಲ್ಲಿ 480 ಚುಕ್ಕಿ. ಮಿಲಿಮೀಟರಿಗೆ ಐದು. ಹಳೆಯ ಬಟನ್‌ಗಳನ್ನು 30 ಚುಕ್ಕಿಗೆ ಮಾಡಿದ್ದೆ, ಅಂದರೆ 6 ಮಿಲಿಮೀಟರ್. ಚೊಗರು ಹತ್ತಿ ಒರಟಾದ ಹೆಬ್ಬೆರಳಿಗೆ ಅದು ಎಲ್ಲಿ ಸಿಗಬೇಕು? ಉಗುರಿನಲ್ಲಿ ಒತ್ತಿ ಒತ್ತಿ ಹಾಳೆಯ ಮೇಲೆ ಗೀರು ಬಿದ್ದಿತ್ತು. ಈಗ 100 ಚುಕ್ಕಿ, 20 ಮಿಲಿಮೀಟರ್. ಒತ್ತಿದರೆ ತಗೊಳ್ಳುವ ರೆಸಿಸ್ಟಿವ್ ಟಚ್ ಅನ್ನೇ ಉಳಿಸಿಕೊಂಡೆ. ಮೊಬೈಲ್ ಥರದ್ದು ನುಣುಪಾಗಿರುತ್ತದೆ, ಆದರೆ ಒದ್ದೆ ಕೈಗೆ, ಗ್ಲೌಸ್‌ಗೆ ಸತಾಯಿಸುತ್ತದೆ. ಸೆಟ್ಟಿಂಗ್ 45ರಿಂದ 68ರ ಒಳಗೆ ಮಾತ್ರ, ಅದಕ್ಕೆ ಪಾಸ್‌ವರ್ಡ್ ಬೇಡ. ಸುಣ್ಣದ ಬರಹ ಅಳಿಸಿದೆವು.

ಹೂಟರ್ ಮತ್ತು ಕೆಂಪು ದೀಪ ಒಲೆ ಬಾಯಿಗೆ ಹೋದವು. ನನ್ನ ಲೆಕ್ಕದಲ್ಲಿ ಇಡೀ ರಿಪೇರಿಯಲ್ಲಿ ಅತಿ ಹೆಚ್ಚು ಉಪಯೋಗದ ವಸ್ತು ಅದೇ, ಸ್ಕ್ರೀನ್ ಅಲ್ಲ.

ನವೆಂಬರ್ ಮೊದಲ ವಾರ ಮತ್ತೆ ಫ್ಯೂಸ್ ತೆಗೆದು ಪರೀಕ್ಷೆ. ಈ ಸಲ ನಿಜವಾದ ಬೆಂಕಿ. 10 ಸೆಕೆಂಡಿಗೆ ಹೂಟರ್, ಒಲೆ ಫ್ಯಾನ್ ಬಂದ್, ಸ್ಕ್ರೀನ್ ಪೂರ್ತಿ ಕೆಂಪು. ನಾನು ಬೀಗುತ್ತಾ ನಿಂತಿದ್ದೆ. ಒಲೆಯಣ್ಣ ಹೊಸ ಸೆನ್ಸರ್‌ನ ಅಂಕಿ ತೋರಿಸಿದರು. ಏರುತ್ತಲೇ ಇದೆ. ಊದುವುದು ನಿಂತರೂ ಕೆಂಡ ಇದೆಯಲ್ಲ, ಸಿಪ್ಪೆ ಒಳಗೊಳಗೇ ಕಾಯುತ್ತಿರುತ್ತದೆ. ಅವರೇ ಹೋಗಿ ಹೊಗೆಯನ್ನು ಸೀದಾ ಚಿಮಣಿಗೆ ಬಿಡುವ ಬೈಪಾಸ್ ಹಿಡಿ ಎಳೆದರು, ಅಂಕಿ ನಿಂತಿತು. ಆ ಹಿಡಿ ಡ್ರೈಯರ್ ಬಂದ ದಿನದಿಂದಲೂ ಇತ್ತು, ನನ್ನ ಯಾವ ಪೇಜಿನಲ್ಲೂ ಇರಲಿಲ್ಲ. ಕೆಂಪು ಸ್ಕ್ರೀನಿಗೆ ಎರಡನೇ ಸಾಲು ಸೇರಿತು: "ಗಾಳಿ ಇಲ್ಲ. ಬೈಪಾಸ್ ಎಳಿ."

ಫೆಬ್ರವರಿಯಲ್ಲಿ ಸೀಸನ್ ಮುಗಿದ ಮೇಲೆ ಹೋಗಿ ಪೆನ್‌ಡ್ರೈವ್ ತಂದೆ, ಹೊಸ ಬ್ಯಾಟರಿಯ ತಾರೀಕು ಸರಿಯಾಗಿ ಓಡುತ್ತಿತ್ತು. "ಗಾಳಿ ಇಲ್ಲ" ಒಟ್ಟು ಏಳು ಸಲ ಬಂದಿತ್ತು. ಐದು ಫೇಸ್ ಹೋದದ್ದು, ಒಂದು ಬೆಲ್ಟ್. ಏಳನೆಯದು ಡಿಸೆಂಬರ್‌ನ ಒಂದು ಮಧ್ಯಾಹ್ನ, ಕರೆಂಟ್ ಸರಿ ಇದೆ, ಮೋಟಾರ್ ಓಡುತ್ತಿದೆ, ಡಕ್ಟ್‌ನಲ್ಲಿ ಮಾತ್ರ ಗಾಳಿ ಇಲ್ಲ. ಫೋನ್ ಮಾಡಿ ಕೇಳಿದೆ. ಒಲೆಯಣ್ಣ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು. ಬ್ಲೋವರ್ ಗಾಳಿ ಎಳೆಯುವ ಜಾಲರಿಗೆ ಒದ್ದೆ ಕಂಬಳಿ ಒಡ್ಡಿದರೆ ಅದೇ ಹಿಡಿದುಕೊಳ್ಳುತ್ತದಂತೆ, ಬೇಗ ಒಣಗುತ್ತದಂತೆ. ಯಾರ ಕಂಬಳಿ ಅಂತ ನಾನು ಕೇಳಲಿಲ್ಲ.